ಮಳಿಗೆಯ ನೆಲಕ್ಕೆ ಏನು ಹಾಸೋಣ?

(ಕರಕುಶಲ ಮೇಳಕ್ಕೆ ಹೊರಡುವ ಮುನ್ನ ನಡೆದ ಸಿದ್ಧತಾ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ನದಿ, ಅಣೆಕಟ್ಟುಗಳ ಕುರಿತು ಚರ್ಚಿಸುವ ಈ ವೇದಿಕೆಯಲ್ಲಿ ಇಂದು ನನಗೆ ವಹಿಸಿರುವ ವಿಷಯ ಬಹಳ ಚಿಕ್ಕದು. ಮೇಳದಲ್ಲಿ ನಮಗೆ ದೊರೆಯುವ ಮಳಿಗೆಯ ನೆಲಕ್ಕೆ ಏನನ್ನು ಹಾಸಬೇಕು ಎಂಬುದಷ್ಟೇ. ಇದನ್ನು ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ಮೊದಲ ವರ್ಷ ನಾನೂ ಹೀಗೆಯೇ ನಕ್ಕಿದ್ದೆ.

ಆ ವರ್ಷ ನಾವು ಪೇಟೆಯೊಂದರ ಶಾಲಾ ಮೈದಾನದಲ್ಲಿ ಮಳಿಗೆ ಹಾಕಿದ್ದೆವು. ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ಫೋಮಿನ ಚೌಕಗಳನ್ನು ಕೊಂಡೊಯ್ದು ಜೋಡಿಸಿದ್ದೆವು. ನೋಡಲು ಅಂದವಾಗಿಯೇ ಇತ್ತು. ರಾತ್ರಿ ಅಕಾಲದ ಮಳೆ ಸುರಿಯಿತು. ಬೆಳಿಗ್ಗೆ ಬಂದು ನೋಡಿದರೆ ಚೌಕಗಳ ಸಂದುಸಂದುಗಳಲ್ಲಿ ಕೆಸರು ನೀರು ಮೇಲೆದ್ದಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಹಸೆ ಚಿತ್ತಾರದ ಹಲಗೆ ಕೆಳಗಿನಿಂದ ಒಂದು ಗೇಣು ನೆನೆದು, ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಕೆಮ್ಮಣ್ಣಿನೊಂದಿಗೆ ಕಲೆತುಹೋಗಿದ್ದವು. ಪುಂಡಿನಾರಿನ ಕುಂಚ ಹಿಡಿದು ವಾರಗಟ್ಟಲೆ ಕುಳಿತು ಅದನ್ನು ಬರೆದ ನಮ್ಮ ಹಿರಿಯಕ್ಕ ಏನನ್ನೂ ಹೇಳಲಿಲ್ಲ. ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟು ಬುಟ್ಟಿಗಳ ವ್ಯಾಪಾರಕ್ಕೆ ಕುಳಿತರು. ಮುಂದಿನ ಎರಡು ಮೇಳಗಳಿಗೆ ಅವರು ಬರಲಿಲ್ಲ.

ಇನ್ನೊಂದು ಅನುಭವ ನಗರದ ಸಭಾಂಗಣದ್ದು. ಅಲ್ಲಿ ಸಂಘಟಕರೇ ಹಸಿರು ಜಮಖಾನ ಹಾಸಿದ್ದರು. ಹೆಸರಿಗೆ ಜಮಖಾನ, ವಾಸ್ತವದಲ್ಲಿ ನೇಯದೆ ಸೂಜಿಗಳಿಂದ ಚುಚ್ಚಿ ಒತ್ತಿದ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಎಳೆಗಳ ಹಾಸು. ಕೊನೆಯ ರಾತ್ರಿ ಕೆಲಸಗಾರರು ಅದನ್ನು ಬ್ಲೇಡಿನಿಂದ ಸೀಳಿ, ಎಳೆದು, ಹಿಂಬಾಗಿಲಲ್ಲಿ ರಾಶಿ ಹಾಕಿದರು. ಮತ್ತೆ ಹಾಸುವುದಿಲ್ಲವೇ ಎಂದು ಕೇಳಿದೆ. ಅಂಟು ಹಿಡಿದದ್ದನ್ನು ಯಾರು ಹಾಸುತ್ತಾರೆ ಎಂಬ ಉತ್ತರ ಬಂತು. ಪರಿಸರಸ್ನೇಹಿ ಎಂಬ ಫಲಕದ ಕೆಳಗೆ ಮೂರು ದಿನ ನಾವು ನಿಂತದ್ದು ಆ ರಾಶಿಯ ಮೇಲೆ. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಊಟದ ಮೇಜಿನ ಮೇಲೆ ಹಾಸುವ ಹಾಳೆ ಕೂಡ ಇದೆ. ಕಾಲಡಿಯ ಈ ಹಾಸು ಇಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಟ್ಟಿಯಲ್ಲೂ ಇಲ್ಲ. ಆದ್ದರಿಂದ ಕಾನೂನು ಇದನ್ನು ಬಿಡಿಸುವುದೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹತ್ತಡಿ ಮಳಿಗೆ ಎಂದು ಹೇಳುವುದು ವಾಡಿಕೆ. ಆದರೆ ಸಭಾಂಗಣಗಳಲ್ಲಿ ಕೊಡುವುದು ಅನೇಕ ವೇಳೆ ಮೂರು ಮೀಟರಿನ ಚೌಕ. ಹತ್ತಡಿ ಹಾಸನ್ನು ಅಲ್ಲಿ ಬಿಡಿಸಿದರೆ ಎರಡು ಅಂಗುಲ ಹೆಚ್ಚಾಗುತ್ತದೆ. ಆ ಎರಡು ಅಂಗುಲವೇ ಬಾಗಿಲಲ್ಲಿ ಮಡಿಕೆಯಾಗಿ ನಿಂತು ವೃದ್ಧರ ಕಾಲಿಗೆ ತೊಡರುತ್ತದೆ. ಅಷ್ಟೇ ಅಲ್ಲ, ಇಡೀ ನೆಲವನ್ನು ಮುಚ್ಚಬೇಕೆಂಬ ನಿಯಮವೂ ಇಲ್ಲ. ಹತ್ತಡಿ ಚೌಕದ ಮೂರು ಬದಿಗೆ ಎರಡಡಿ ಅಗಲದ ಮೇಜುಗಳನ್ನಿಟ್ಟು ನೆಲದವರೆಗೆ ಬಟ್ಟೆ ಇಳಿಬಿಟ್ಟರೆ, ಕಣ್ಣಿಗೂ ಕಾಲಿಗೂ ಸಿಗುವ ನೆಲ ಆರಡಿಗೆ ಎಂಟಡಿ ಮಾತ್ರ. ನೂರು ಚದರಡಿಯ ಖರ್ಚು ನಲವತ್ತೆಂಟಕ್ಕೆ ಇಳಿಯಿತು.

ಎರಡನೆಯದು ಭಾರ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ನಾವು ಹೋಗುವುದು ಲಾರಿಯಲ್ಲಲ್ಲ, ರಾತ್ರಿ ಬಸ್ಸಿನಲ್ಲಿ. ಹನ್ನೆರಡು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಿಂದ ನೂರು ಚದರಡಿ ಮುಚ್ಚಲು ಅರವತ್ತು ಕಿಲೋಗೂ ಮಿಕ್ಕಿ ಹೊರಬೇಕು. ವಿನೈಲಿನ ಸುರುಳಿ ಅಷ್ಟು ಭಾರವಲ್ಲದಿದ್ದರೂ ಮಡಚಿದರೆ ಬಿರಿಯುತ್ತದೆ, ಸುತ್ತಿಟ್ಟರೆ ಅಂಚು ಮುರುಟಿಕೊಳ್ಳುತ್ತದೆ. ಮೇಲಾಗಿ ಅದು ಪಿವಿಸಿ. ಹರಿದ ಮೇಲೆ ಹಿತ್ತಲಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಮ್ಮುತ್ತದೆ. ಫೋಮಿನ ಚೌಕಗಳು ಹಗುರ, ನಿಜ. ಎರಡಡಿಯ ಇಪ್ಪತ್ತೈದು ಚೌಕಗಳನ್ನು ಪೇರಿಸಿದರೆ ಒಂದಡಿ ಎತ್ತರದ ಗಂಟಾಗುತ್ತದೆ. ಮೇಜಿನ ಕಾಲು ಊರಿದಲ್ಲಿ ಕುಳಿ ಬೀಳುತ್ತದೆ, ಹಲ್ಲು ಮುರಿದ ಚೌಕವನ್ನು ಗುಜರಿಯವರೂ ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಆದರೂ ಒಂದು ಮಾತು: ಈಗಾಗಲೇ ಕೊಂಡಿರುವವರು ಅವನ್ನು ಎಸೆಯಬೇಡಿ. ಸಿಮೆಂಟು ನೆಲದ ಮೇಲೆ ದಿನವಿಡೀ ನಿಲ್ಲುವ ಹೆಂಗಸರ ಹಿಮ್ಮಡಿಗೆ ಎರಡು ಚೌಕ ಹಾಕಿಕೊಡಿ. ಆ ನೋವು ನನಗೆ ಗೊತ್ತು. ಪರಿಸರದ ಹೆಸರಿನಲ್ಲಿ ಅವರನ್ನು ಬರಿ ಕಾಂಕ್ರೀಟಿನ ಮೇಲೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ನಮ್ಮ ಊರಿನಲ್ಲಿ ಏನಿದೆ? ಈಚಲು ಚಾಪೆಯನ್ನು ಹಾಸಿ ನೋಡಿದೆವು. ಚಪ್ಪಲಿಗಾಲಿಗೆ ಅದು ಎರಡು ದಿನವೂ ಬಾಳಲಿಲ್ಲ. ಕುಳಿತು ಬುಟ್ಟಿ ಹೆಣೆದು ತೋರಿಸುವವರಿಗೆ ಮಾತ್ರ ಅದು ಸರಿ. ನವಲಗುಂದದ ಹತ್ತಿಯ ಜಮಖಾನ ಚೆಲುವಾದದ್ದು, ಆದರೆ ಅದೇ ಒಂದು ಕಲೆ. ಇನ್ನೊಬ್ಬ ನೇಕಾರ್ತಿಯ ಕೆಲಸವನ್ನು ಜನರ ಬೂಟಿನಡಿ ಹಾಸಿ ನಮ್ಮದನ್ನು ಮಾರಲು ಮನಸ್ಸು ಬರುವುದಿಲ್ಲ. ಅಡಿಕೆ ಹಾಳೆ ಏಕಾಗಬಾರದು ಎಂದು ನಿನ್ನೆ ವಿದ್ಯಾರ್ಥಿಯೊಬ್ಬ ಕೇಳಿದ. ಒಣಗಿದರೆ ಮುರುಟುತ್ತದೆ, ನೆನೆದರೆ ಬೂಷ್ಟು ಹಿಡಿಯುತ್ತದೆ, ಎರಡೂ ಅಲ್ಲದಾಗ ಜಾರುತ್ತದೆ ತಮ್ಮಾ.

ಕೊನೆಗೆ ನಮ್ಮ ಕೈಹಿಡಿದದ್ದು ಸೆಣಬಿನ ಗೋಣಿ. ಕ್ವಿಂಟಾಲು ಹಿಡಿಯುವ ಹಳೆಯ ಚೀಲದ ಹೊಲಿಗೆ ಬಿಚ್ಚಿ ಹರವಿದರೆ ಸುಮಾರು ನಲವತ್ತನಾಲ್ಕು ಅಂಗುಲಕ್ಕೆ ಐವತ್ತಮೂರು ಅಂಗುಲದ ತಾಟು ದೊರೆಯುತ್ತದೆ. ಎರಡೆರಡರಂತೆ ನಾಲ್ಕನ್ನು ಸೇರಿಸಿ ಹೊಲಿದರೆ, ಅಂಚು ಮಡಚಿದ ಮೇಲೂ ಏಳಡಿಗೆ ಎಂಟೂವರೆ ಅಡಿ ಉಳಿಯುತ್ತದೆ. ಆರಕ್ಕೆ ಎಂಟಡಿಯ ನೆಲ ಮುಚ್ಚಿ, ಮೇಜಿನಡಿಗೆ ತೂರಿಸಲು ಬೇಕಾದಷ್ಟು ಅಂಚೂ ಸಿಗುತ್ತದೆ. ಭಾರ ನಾಲ್ಕು ಕಿಲೋದ ಆಸುಪಾಸು. ಮಡಚಿದರೆ ಕಂಬಳಿಯಂತೆ ಹೆಗಲ ಮೇಲೆ ಕೂರುತ್ತದೆ. ಹಸೆ ಚಿತ್ತಾರದ ಕೆಂಪು, ಬಿಳಿ, ಗುರಿಗೆಯ ಹಳದಿ, ಸುಟ್ಟ ಅಕ್ಕಿಯ ಕಪ್ಪು ಎಲ್ಲವೂ ಆ ಮಣ್ಣುಬಣ್ಣದ ಮೇಲೆ ಎದ್ದು ಕಾಣುತ್ತವೆ. ಹಸಿರು ಹಾಸಿನ ಮೇಲೆ ಅವು ಸೊರಗುತ್ತಿದ್ದವು.

ದೋಷಗಳೂ ಇವೆ. ಹೊಸದಾಗಿ ಬಿಚ್ಚಿದ ಗೋಣಿ ಎಳೆ ಉದುರಿಸುತ್ತದೆ, ಎರಡು ಬಾರಿ ತೊಳೆಯಲೇಬೇಕು. ನುಣುಪಾದ ಟೈಲ್ಸಿನ ಮೇಲೆ ಜಾರುತ್ತದೆ. ಅದಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಗಳಾಗಿ ಕತ್ತರಿಸಿ ಅಡಿಯಲ್ಲಿ ಹೊಲಿದಿದ್ದೇವೆ; ಅಂಟುಪಟ್ಟಿ ಬೇಡ, ನೆಲದಲ್ಲಿ ಗುರುತು ಉಳಿದರೆ ದಂಡ ತೆರಬೇಕಾದೀತು. ಬೆಂಕಿಯ ಭಯವೂ ಇದೆ. ದೀಪದ ತಂತಿಯನ್ನು ಗೋಣಿಯ ಅಡಿಯಲ್ಲಿ ಎಂದಿಗೂ ಹಾಯಿಸಬೇಡಿ. ಬೆಂಕಿ ತಡೆಯುವ ಹಾಸನ್ನೇ ಹಾಸಬೇಕೆಂದು ಸಭಾಂಗಣದವರು ಕೇಳಿದರೆ ವಾದಿಸದೆ ಗೋಣಿಯನ್ನು ಸುತ್ತಿಡಿ. ಮಳೆಗಾಲದಲ್ಲಿ ಬೂಷ್ಟು ಬಾರದಿರಲೆಂದು ನಾವು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಬೆಂಗಳೂರಿನ ಗ್ರಾಹಕಿಯೊಬ್ಬರು ಮೂಸಿ ನೋಡಿ, ಈ ಹೊಗೆಯ ಪರಿಮಳ ಯಾವ ಗಿಡದ್ದು ಎಂದು ವಿಚಾರಿಸಿದ್ದರು.

ಬಯಲಿನ ಮೇಳಕ್ಕೆ ಗೋಣಿಯೊಂದೇ ಸಾಲದು. ನೆಲದಿಂದ ಎರಡು ಅಂಗುಲ ಮೇಲೇಳಬೇಕು. ಅಡಿಕೆ ದಬ್ಬೆಗಳನ್ನು ಬೆರಳಿಗಿಂತ ಕಿರಿದಾದ ಸಂದು ಬಿಟ್ಟು ತೆಂಗಿನ ಹುರಿಯಿಂದ ಕಟ್ಟಿ, ಅಡ್ಡಪಟ್ಟಿಗಳ ಮೇಲಿಟ್ಟು, ಮೇಲೆ ಗೋಣಿ ಹಾಸಿದರೆ ನೀರು ಅಡಿಯಲ್ಲಿ ಹರಿದುಹೋಗುತ್ತದೆ. ಇದನ್ನು ಬೆಂಗಳೂರಿಗೆ ಹೊರುವ ಸಾಹಸ ಬೇಡ. ತಾಲ್ಲೂಕಿನ ಮೇಳಗಳಾದರೆ ಅಲ್ಲಿಯ ತೋಟದವರಿಂದಲೇ ಎರವಲು ತಂದು ಹಿಂದಿರುಗಿಸಬಹುದು. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಂಥ ಒಂದು ದಿನದ, ಡಾಂಬರಿನ ಮೇಲಿನ ಸಂತೆಗೆ ನೆಲಹಾಸೇ ಬೇಕಿಲ್ಲ. ಹಲಗೆಗಳ ಅಡಿಗೆ ಒಂದು ಗೋಣಿ, ಕೂರಲು ಒಂದು ಚಾಪೆ ಸಾಕು.

ಬೆಲೆಯನ್ನು ತೂಗುವಾಗ ಅಂಗಡಿಯ ಚೀಟಿಯನ್ನಷ್ಟೇ ನೋಡಬೇಡಿ. ಒಂದು ಮೇಳಕ್ಕೆ ಬಾಳುವ ಐನೂರು ರೂಪಾಯಿಯ ಹಾಸಿಗಿಂತ ಹತ್ತು ಮೇಳಕ್ಕೆ ಬಾಳುವ ಎರಡು ಸಾವಿರದ್ದು ಅಗ್ಗ. ಗೋಣಿಗೆ ಇಷ್ಟು ಗಣಿತವೂ ಬೇಡ. ನಮ್ಮದು ಆರನೆಯ ವರ್ಷದಲ್ಲಿದೆ, ಒಂದು ಮೂಲೆಗೆ ತೇಪೆ ಬಿದ್ದಿದೆ.

ಊಟದ ನಂತರ ಹೊಲಿಗೆಗೆ ಕುಳಿತುಕೊಳ್ಳೋಣ. ದಬ್ಬಣ, ಹುರಿ ಇಲ್ಲಿವೆ. ರಸಗೊಬ್ಬರದ ಚೀಲ ತಂದವರು ದಯವಿಟ್ಟು ಅದನ್ನು ಹೊರಗೇ ಇಡಿ, ಅಕ್ಕಿ ಅಥವಾ ಅಡಿಕೆ ತುಂಬಿದ್ದ ಸೆಣಬಿನ ಚೀಲವೇ ಆಗಬೇಕು. ಹಿರಿಯಕ್ಕ ಈ ಬಾರಿ ಬರಲು ಒಪ್ಪಿದ್ದಾರೆ. ಅವರ ಹಲಗೆ ನಾಲ್ಕಡಿಯದು. ಅದನ್ನು ನಿಲ್ಲಿಸುವ ಮೂಲೆಗೆ ಜೋಡಿ ಗೋಣಿ ಹೊಲಿಯಬೇಕು.