ಮನೆಯ ಗಣಕಕ್ಕೆ ಉಚಿತವಾದ ಸಲಕರಣೆಗಳು

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಸ್ಥಾಪನಾ ದಿನದಂದು ಸಾಹಿತ್ಯದ ಬಗೆಗೋ ಸಂಗೀತದ ಬಗೆಗೋ ಮಾತನಾಡುವುದು ವಾಡಿಕೆ. ಈ ಸಲ ಸಮಿತಿಯವರು ನಮ್ಮ ಗಣಕ ಬಳಗಕ್ಕೆ ಅರ್ಧ ಗಂಟೆ ಕೊಟ್ಟಿದ್ದಾರೆ. ಜೊತೆಗೆ, "ಮನೆಯಲ್ಲಿ ದಿನನಿತ್ಯ ಉಪಯೋಗಕ್ಕೆ ಬರುವುದನ್ನು ಹೇಳಿ, ತಲೆನೋವು ತರುವುದು ಬೇಡ" ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಊಟದ ಹೊತ್ತಿಗೆ ಸರಿಯಾಗಿ ಮುಗಿಸುತ್ತೇವೆಂದು ಮಾತು ಕೊಟ್ಟು ನಾವು ಆರಂಭಿಸುತ್ತೇವೆ.

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂಬ ಗಾದೆ ನಮ್ಮಲ್ಲಿದೆ. ಆದ್ದರಿಂದ 'ಉಚಿತ ತಂತ್ರಾಂಶ' ಎಂದೊಡನೆ ಕೆಲವರು ಆಸೆಯಿಂದ ನೋಡುತ್ತಾರೆ, ಕೆಲವರು ಅನುಮಾನದಿಂದ ನೋಡುತ್ತಾರೆ. ಕನ್ನಡದಲ್ಲಿ ಉಚಿತ ಎಂಬ ಮಾತಿಗೆ ಎರಡು ಅರ್ಥ: ಹಣ ಕೊಡಬೇಕಾಗಿಲ್ಲದ್ದು ಒಂದು, ಯೋಗ್ಯವಾದದ್ದು ಇನ್ನೊಂದು. ನಾವು ಇಂದು ಹೇಳಹೊರಟಿರುವ ತಂತ್ರಾಂಶಗಳು ಎರಡೂ ಅರ್ಥದಲ್ಲಿ ಉಚಿತ. ಅಂಗಡಿಯ ಸಾರಿನ ಪುಡಿಯ ಪೊಟ್ಟಣ ತಂದರೆ ಸಾರೇನೋ ಆಗುತ್ತದೆ, ಆದರೆ ಅಂಗಡಿಯವನು ಆ ಪುಡಿ ಮಾಡುವುದನ್ನು ನಿಲ್ಲಿಸಿದರೆ ಆ ರುಚಿಯೂ ಅಲ್ಲಿಗೇ ಮುಗಿಯಿತು. ಅಜ್ಜಿ ಹೇಳಿಕೊಟ್ಟ ಪುಡಿಯ ಕ್ರಮ ಹಾಗಲ್ಲ. ಅದನ್ನು ನಾವೂ ಮಾಡಬಹುದು, ಮೆಣಸಿನಕಾಯಿ ಕಡಿಮೆ ಹಾಕಬಹುದು, ನೆರೆಮನೆಯವರಿಗೂ ಹೇಳಿಕೊಡಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದಾಗ ಅವರ ಬೇಡಿಕೆ ಇಂಥ ಸ್ವಾತಂತ್ರ್ಯದ್ದೇ ಆಗಿತ್ತು. ತಂತ್ರಾಂಶವನ್ನು ಬಳಸುವ, ಒಳಗೆ ಏನಿದೆಯೆಂದು ನೋಡುವ, ತಿದ್ದುವ, ಹಂಚುವ ಹಕ್ಕು ಬಳಕೆದಾರನಿಗೆ ಇರಬೇಕೆಂಬುದು ಅದರ ಸಾರ. ಇದನ್ನೇ ನಾವು ಮುಕ್ತ ತಂತ್ರಾಂಶ ಎನ್ನುತ್ತೇವೆ.

ನಾವು ನೆಲೆಸಿರುವ ಈ ಜರ್ಮನಿಗೂ ಈ ಕಥೆಗೂ ಹತ್ತಿರದ ನಂಟಿದೆ. ಲ್ಯೂನೆಬುರ್ಗ್ ಊರಿನಲ್ಲಿ ಹುಟ್ಟಿದ ಸ್ಟಾರ್ ಡಿವಿಷನ್ ಎಂಬ ಕಂಪನಿಯ ಸ್ಟಾರ್ ಆಫೀಸನ್ನು ಅಮೆರಿಕದ ಸನ್ ಕಂಪನಿ 1999ರಲ್ಲಿ ಕೊಂಡು, ಮರುವರ್ಷವೇ ಅದರ ಮೂಲವನ್ನು ಲೋಕಕ್ಕೆ ತೆರೆದಿಟ್ಟಿತು. ಅದರಿಂದ ಬೆಳೆದು ಬಂದದ್ದೇ 2010ರ ಲಿಬ್ರೆಆಫೀಸ್. ಅದನ್ನು ನೋಡಿಕೊಳ್ಳುವ ಪ್ರತಿಷ್ಠಾನ ಇರುವುದು ಬರ್ಲಿನ್ನಿನಲ್ಲಿ. ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರಕಾರ ತನ್ನ ಸುಮಾರು 30,000 ಗಣಕಗಳನ್ನು ಲಿಬ್ರೆಆಫೀಸಿಗೆ ಬದಲಿಸುವುದಾಗಿ 2024ರಲ್ಲಿ ಪ್ರಕಟಿಸಿತು. ಒಂದು ರಾಜ್ಯದ ಕಚೇರಿಗಳಿಗೆ ಆಗುವುದಾದರೆ ನಮ್ಮ ಮನೆಯ ಪತ್ರ, ಲೆಕ್ಕ, ಮಕ್ಕಳ ಶಾಲೆಯ ಬರವಣಿಗೆಗೆ ಆಗದೆ ಇರುತ್ತದೆಯೇ? ಅದರ ಆಯ್ಕೆಗಳಲ್ಲಿ ಭಾಷೆಯ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಯ ಸಾಲಿನಲ್ಲಿ ಕನ್ನಡವನ್ನು ಆರಿಸಿಕೊಂಡರೆ ಒಂದೇ ಕಾಗದದಲ್ಲಿ ಕನ್ನಡ, ಜರ್ಮನ್, ಇಂಗ್ಲಿಷ್ ಮೂರೂ ಜಗಳವಿಲ್ಲದೆ ಕೂಡುತ್ತವೆ.

ಇದೆಲ್ಲ ಬರಿಯ ಅನುಕೂಲದ ಮಾತಾಗಿದ್ದರೆ ನಾವು ಈ ವೇದಿಕೆಗೆ ಬರುತ್ತಿರಲಿಲ್ಲ. ಇದರಲ್ಲಿ ಅದಕ್ಕಿಂತ ದೊಡ್ಡ ವಿಷಯವೊಂದಿದೆ.

ಕಳೆದ ವರ್ಷ ನಮ್ಮ ಸಂಘದ ಒಂದು ಕುಟುಂಬದವರು ಹಳೆಯದೊಂದು ಸಿ.ಡಿ. ತಂದರು. ಊರಿನಲ್ಲಿದ್ದ ತಂದೆಯವರು ನಿವೃತ್ತರಾದ ಮೇಲೆ, 2004ರ ಸುಮಾರಿಗೆ, ನುಡಿ ತಂತ್ರಾಂಶ ಕಲಿತು, ತಮ್ಮ ಹಳ್ಳಿ, ಕೆರೆ, ಹಬ್ಬ, ಬಂಧುಬಳಗದ ನೆನಪುಗಳನ್ನೆಲ್ಲ ಬೆರಳಚ್ಚು ಮಾಡಿದ್ದರು. ಅವರು ಈಗ ಇಲ್ಲ. ಕಡತ ತೆರೆದರೆ ಪರದೆಯ ಮೇಲೆ ಒಂದು ಕನ್ನಡ ಅಕ್ಷರವೂ ಇಲ್ಲ. ಸಾಲುಸಾಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳು, ನಡುನಡುವೆ ಎರಡು ಚುಕ್ಕಿಯ 'ಎ'. "ತಾತ ಜರ್ಮನ್ ಕಲಿತಿದ್ದರಾ?" ಎಂದು ಮೊಮ್ಮಗ ಕೇಳಿದ. ನಗು ಬಂತು, ಆದರೆ ಆ ಮನೆಯವರ ಕಣ್ಣಲ್ಲಿ ನೀರೂ ಬಂತು.

ಹೀಗಾಗಲು ಕಾರಣ ಸರಳ. ಆ ಕಾಲದ ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಆಗ ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆ ತಂತ್ರಾಂಶಗಳಿಂದಲೇ ನಮ್ಮಲ್ಲಿ ಸಾವಿರಾರು ಜನ ಕನ್ನಡದಲ್ಲಿ ಬರೆಯಲು ಕಲಿತದ್ದು, ಅವುಗಳ ಋಣ ದೊಡ್ಡದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟ ಯೂನಿಕೋಡ್ ನಮ್ಮ ಮನೆಗಳ ಗಣಕಕ್ಕೆ ಬಂದು ನೆಲೆಸಲು ವರ್ಷಗಳೇ ಹಿಡಿದವು. ಈಗ ಕನ್ನಡದ ತಂತ್ರಜ್ಞರೇ ಬರೆದು ಮುಕ್ತವಾಗಿ ಹಂಚಿರುವ ಪರಿವರ್ತಕಗಳಿವೆ. ಹಳೆಯ ಪಠ್ಯವನ್ನು ಅದರಲ್ಲಿ ಹಾಕಿದರೆ ಯೂನಿಕೋಡ್ ಕನ್ನಡ ಹೊರಬರುತ್ತದೆ. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತದೆ, ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ವಿಚಿತ್ರ ಕನ್ನಡವಾಗುತ್ತವೆ. ಆದ್ದರಿಂದ ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡು, ನಕಲಿನ ಮೇಲೆ ಕೆಲಸ ಮಾಡಿ, ಒಬ್ಬರು ಕುಳಿತು ಓದಿ ತಿದ್ದಬೇಕು. ಆ ಕುಟುಂಬದ ಸಿ.ಡಿ. ಪರಿವರ್ತನೆಗೆ ಒಂದು ಮಧ್ಯಾಹ್ನ ಸಾಕಾಯಿತು. ತಿದ್ದಲು ಒಂದು ತಿಂಗಳು ಹಿಡಿಯಿತು. ಊರಿನಿಂದ ಬಂದಿದ್ದ ತಾಯಿಯವರೇ ಪಕ್ಕದಲ್ಲಿ ಕುಳಿತು, ಹೊಲಗದ್ದೆಗಳ ಹೆಸರುಗಳನ್ನು ಒಂದೊಂದಾಗಿ ಸರಿಪಡಿಸಿದರು.

ಕಾಗದದ ಮೇಲಿರುವುದಕ್ಕೂ ದಾರಿಯಿದೆ. ನ್ಯಾಪ್ಸ್2 ಎಂಬ ಸ್ಕ್ಯಾನಿಂಗ್ ತಂತ್ರಾಂಶದೊಳಗೆ ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ಯಂತ್ರವನ್ನು ಕೂಡಿಸಿದ್ದಾರೆ. 1980ರ ದಶಕದಲ್ಲಿ ಎಚ್.ಪಿ. ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾದ ಟೆಸರಾಕ್ಟ್ ಈಗ ಕನ್ನಡವನ್ನೂ ಓದುತ್ತದೆ. ಅಚ್ಚಾದ ಪುಟವನ್ನು ಅಂಗುಲಕ್ಕೆ 300 ಚುಕ್ಕಿಗಳ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಭಾಷೆ ಕನ್ನಡವೆಂದು ಹೇಳಿದರೆ ಸಾಕು. ಕೈಬರಹವನ್ನು ಅದರಿಂದ ಓದಿಸಲು ಹೋಗಬೇಡಿ, ಅದನ್ನು ಚಿತ್ರವಾಗಿಯೇ ಇಟ್ಟುಕೊಳ್ಳಿ. ಅಮ್ಮನ ಕೈಬರಹ ಚಿತ್ರವಾಗಿದ್ದರೇ ಚೆಂದ.

ಇನ್ನು ಕ್ಯಾಸೆಟ್ಟುಗಳು. ಅಜ್ಜಿಯ ಸೋಬಾನೆ ಪದ, ಮದುವೆಯ ಮಂಗಳವಾದ್ಯ, ಊರಿನಿಂದ ಧ್ವನಿಮುದ್ರಿಸಿ ಕಳಿಸುತ್ತಿದ್ದ 'ಮಾತಿನ ಪತ್ರ'ಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಕ್ಯಾಸೆಟ್ ಪ್ಲೇಯರಿನ ಹೆಡ್‌ಫೋನ್ ರಂಧ್ರದಿಂದ ಗಣಕಕ್ಕೆ ಒಂದು ತಂತಿ ಜೋಡಿಸಿ, 2000ದಿಂದ ಲಭ್ಯವಿರುವ ಆಡಾಸಿಟಿ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಿ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಅವಸರ ಮಾಡುವಂತಿಲ್ಲ. ಮಾತಿಲ್ಲದ ಒಂದೆರಡು ಕ್ಷಣದ ಸದ್ದನ್ನು ಆರಿಸಿ, 'ಇದು ಗದ್ದಲ' ಎಂದು ಅದಕ್ಕೆ ತೋರಿಸಿದರೆ, ಉಳಿದ ಕಡೆಯ ಅದೇ ಭೋರೆನ್ನುವ ಸದ್ದನ್ನು ತಗ್ಗಿಸುತ್ತದೆ. ಜೋಪಾನವಾಗಿಡಲು ಫ್ಲ್ಯಾಕ್ ರೂಪ, ಬಂಧುಗಳಿಗೆ ಕಳಿಸಲು ಎಂಪಿ3 ರೂಪ ಒಳ್ಳೆಯದು. ಹಳೆಯ ವಿಡಿಯೊ ಯಾವ ರೂಪದಲ್ಲಿದ್ದರೂ ಮೊದಲು ವಿ.ಎಲ್.ಸಿ.ಯಲ್ಲಿ ತೆರೆದು ನೋಡಿ. ಪ್ಯಾರಿಸ್ ಬಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ ಅದು. ಬೇರೆಯವು ಕೈಚೆಲ್ಲಿದ ಎಷ್ಟೋ ಕಡತಗಳನ್ನು ಅದು ಸರಾಗವಾಗಿ ತೋರಿಸುತ್ತದೆ.

ಗುಪ್ತಪದಗಳ ವಿಷಯ. ಬ್ಯಾಂಕು, ವಿಮೆ, ಊರಿನ ವಿದ್ಯುತ್ ಬಿಲ್ಲು, ಮಕ್ಕಳ ಶಾಲೆ, ಎಲ್ಲಕ್ಕೂ ಒಂದೊಂದು. ಅವನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ಬದಲು ಕೀಪಾಸ್‌ಎಕ್ಸ್‌ಸಿಯಲ್ಲಿ ಇಡಿ. ಒಂದೇ ಬೀಗದ ಕೈ, ಒಳಗೆ ಎಲ್ಲ ಬೀಗದ ಕೈಗಳು. ಕಡತ ನಿಮ್ಮ ಗಣಕದಲ್ಲೇ ಇರುತ್ತದೆ. ಆ ಮುಖ್ಯ ಗುಪ್ತಪದವನ್ನು ಮಾತ್ರ ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಮನೆಯ ಮುಖ್ಯ ಪತ್ರಗಳೊಂದಿಗೆ ಇಡಿ, ಎಲ್ಲಿದೆಯೆಂದು ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಹೇಳಿರಲಿ. ಪರದೇಶದಲ್ಲಿರುವ ನಮಗೆ ಆಪತ್ತು ಬಂದಾಗ ಓಡಿಬರಲು ಪಕ್ಕದಲ್ಲಿ ಅಣ್ಣತಮ್ಮಂದಿರಿಲ್ಲ ಎಂಬುದು ನೆನಪಿರಲಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹೊಸ ವಿಂಡೋಸ್ 11 ಹಿಡಿಸದ ಎಷ್ಟೋ ಗಟ್ಟಿಮುಟ್ಟಾದ ಗಣಕಗಳು ಕಸಕ್ಕೆ ಹೋಗುತ್ತಿವೆ. ಎಸೆಯುವ ಮುನ್ನ ಲಿನಕ್ಸ್ ಮಿಂಟ್ ಹಾಕಿ ನೋಡಿ. ಯು.ಎಸ್.ಬಿ. ಕಡ್ಡಿಯಿಂದಲೇ ಚಾಲೂ ಮಾಡಿ, ಏನನ್ನೂ ಅಳಿಸದೆ ಪರೀಕ್ಷಿಸಬಹುದು. ಒಪ್ಪಿಗೆಯಾಗಿ ಅದನ್ನೇ ನೆಲೆಗೊಳಿಸುವುದಾದರೆ ಮೊದಲು ಕಡತಗಳ ನಕಲು ಹೊರಗಿನ ಡಿಸ್ಕಿನಲ್ಲಿರಲಿ. ಅದರಲ್ಲಿ ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೂ ಸೇರಿಸಿಕೊಳ್ಳಬಹುದು, ನುಡಿಯಲ್ಲಿ ಪಳಗಿದವರಿಗೆ ಬೆರಳು ತಡವರಿಸುವುದಿಲ್ಲ. ಪುಟ್ಟ ಮಕ್ಕಳಿಗೆ ಅದೇ ಹಳೆಯ ಗಣಕದಲ್ಲಿ ಟಕ್ಸ್ ಪೇಂಟ್ ಹಾಕಿಕೊಡಿ, ಗೋಡೆ ಉಳಿಯುತ್ತದೆ.

ಎರಡು ಎಚ್ಚರಿಕೆ. ಒಂದು, ಯಾವುದೇ ತಂತ್ರಾಂಶವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹೆಸರಿನಲ್ಲಿ ಒಂದಕ್ಷರ ಬದಲಿಸಿ, ದೊಡ್ಡ ಹಸಿರು ಗುಂಡಿ ತೋರಿಸುವ ನಕಲಿಗಳಿವೆ. ಎರಡು, ಹಣ ಕೇಳದ್ದೆಲ್ಲ ಮುಕ್ತವಲ್ಲ. ಹಣದ ಬದಲು ನಮ್ಮ ಮನೆಯ ವಿವರಗಳನ್ನೇ ಕೇಳುವವೂ ಇವೆ. ಗುರುತಿಲ್ಲದವರಿಗೆ ಮನೆಯ ಬೀಗದ ಕೈ ಕೊಡುತ್ತೇವೆಯೇ?

ಕೊನೆಯದಾಗಿ, ಪಡೆದವರು ಕೊಡುವುದೂ ಉಚಿತವೇ. ಲಿಬ್ರೆಆಫೀಸಿನ ಕನ್ನಡ ಅನುವಾದವೆಲ್ಲ ಯಾರೋ ಪುಣ್ಯಾತ್ಮರು ಮಾಡಿದ್ದು. ಅಲ್ಲಿ ಇನ್ನೂ ಕೆಲಸವಿದೆ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳೂ, ಶುದ್ಧ ಕನ್ನಡ ಬಲ್ಲ ನಮ್ಮ ಹಿರಿಯರೂ ಜೊತೆಗೂಡಿದರೆ ಎಷ್ಟಾಗದು! ಆಗದವರು ವರ್ಷಕ್ಕೆ ಹತ್ತು ಯೂರೊ ಕಳಿಸಿದರೂ ಅದು ಸಾರ್ಥಕ.

ಈ ಸಭಾಂಗಣದ ಹಿಂಬದಿಯ ಮೇಜಿನಲ್ಲಿ ನಮ್ಮ ಬಳಗದ ಮೂವರು ಕುಳಿತಿರುತ್ತಾರೆ. ನಿಮ್ಮ ಮನೆಯಲ್ಲಿ ತೆರೆಯಲಾಗದೆ ಬಿದ್ದಿರುವ ಕಡತ, ಕ್ಯಾಸೆಟ್ಟು, ಪುಸ್ತಕ ಯಾವುದಿದೆಯೆಂದು ಅಲ್ಲಿ ಬರೆಸಿ ಹೋಗಿ. ತಿಂಗಳ ಎರಡನೆಯ ಶನಿವಾರ ಒಟ್ಟಿಗೆ ಕುಳಿತು ಒಂದೊಂದಾಗಿ ಬಿಡಿಸೋಣ. ಸಂಘದ ಹಳೆಯ ಸ್ಮರಣ ಸಂಚಿಕೆಗಳಿಂದಲೇ ಆರಂಭಿಸೋಣ, ಅವುಗಳ ಪುಟಗಳೂ ಹಳದಿಯಾಗುತ್ತಿವೆ.

ಹೋಳಿಗೆಯ ವಾಸನೆ ಇಲ್ಲಿಯವರೆಗೂ ಬಂದಿದೆ. ಕೊಟ್ಟ ಮಾತಿನಂತೆ ಮುಗಿಸುತ್ತೇವೆ.