ನೋವಿನ ನುಡಿ, ಮದ್ದಿನ ಮಾತು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರೋಗಗಳ ಕುರಿತು ಮಾತನಾಡಲು ವೈದ್ಯರು ಬೇಕು. ಪದಗಳ ಹುಟ್ಟಿನ ಕುರಿತು ಮಾತನಾಡಲು ಪಂಡಿತರು ಬೇಕು. ನಾವೋ ಬ್ಯಾಂಕಿನಲ್ಲಿ ಕುಳಿತು ಜಮಾಖರ್ಚು ನೋಡುವ ಗುಮಾಸ್ತರು. ಆದರೂ ನಮ್ಮ ಕಸುಬು ನಮಗೊಂದು ಪಾಠ ಕಲಿಸಿದೆ. ಮೊಬಲಗು ಎಷ್ಟೇ ಸರಿಯಾಗಿರಲಿ, ತಪ್ಪು ಖಾತೆಗೆ ಬರೆದರೆ ಲೆಕ್ಕ ಕೆಟ್ಟಂತೆಯೇ. ನೋವಿನ ವಿಷಯವೂ ಹೀಗೆಯೇ. ನೋವು ನಿಜವಾದದ್ದೇ ಇರಬಹುದು. ಅದನ್ನು ತಪ್ಪು ಹೆಸರಿನಲ್ಲಿ ವೈದ್ಯರ ಮುಂದಿಟ್ಟರೆ ಮದ್ದು ಬೇರೆ ದಾರಿ ಹಿಡಿದೀತು. ಈ ಒಂದು ಸಂಗತಿಯನ್ನು ತಮ್ಮ ಮುಂದಿಡಲು ನಾವು ನಿಂತಿದ್ದೇವೆ.

ಈ ಮುಂಬಯಿಯಲ್ಲಿ ನಮ್ಮ ಮನೆಗಳ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. ಊರಿನಿಂದ ಬಂದ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮೊಮ್ಮಗಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಗೆಳತಿಯರೊಡನೆ ಮರಾಠಿ ಆಡುವವಳು. ಅವಳ ಕನ್ನಡ ಊಟ ತಿಂಡಿಗೆ ಸಾಲುವಷ್ಟು ಮಾತ್ರ. ಮಗ ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಜ್ಜಿಗೆ ಮೈ ಕೆಟ್ಟರೆ ಈ ಹುಡುಗಿಯೇ ದುಭಾಷಿ. ಅಜ್ಜಿ "ಉಷ್ಣವಾಗಿದೆ" ಎಂದರೆ ಅವಳು "ಫೀವರ್" ಎನ್ನುತ್ತಾಳೆ. ಅಜ್ಜಿಗೆ ಇರುವುದು ಜ್ವರವಲ್ಲ. ಮೂತ್ರ ಹೋಗುವಾಗ ಉರಿ. ಅಜ್ಜಿ "ಎದೆ ಹಿಡಿದ ಹಾಗಿದೆ" ಎಂದರೆ ಅವಳು "ಗ್ಯಾಸ್" ಎಂದುಬಿಡುತ್ತಾಳೆ. ಈ ಎರಡನೆಯ ಮಾತು ಎಷ್ಟು ಅಪಾಯದ್ದೆಂಬುದಕ್ಕೆ ಕೊನೆಯಲ್ಲಿ ಬರುತ್ತೇವೆ.

ಕನ್ನಡಿಗರು ಕನ್ನಡಿಗರೊಡನೆ ಮಾತನಾಡುವಾಗಲೂ ಸ್ವಲ್ಪ ಎಚ್ಚರ ಬೇಕು. ನಮ್ಮ ಸಂಘದಲ್ಲಿಯೇ ಧಾರವಾಡದವರಿದ್ದಾರೆ, ಮೈಸೂರಿನವರಿದ್ದಾರೆ, ಮಂಗಳೂರಿನವರಿದ್ದಾರೆ. ಧಾರವಾಡದವರು "ಆರಾಮಿಲ್ಲ" ಎನ್ನುತ್ತಾರೆ. ಮೈಸೂರಿನವರು "ಹುಷಾರಿಲ್ಲ" ಎನ್ನುತ್ತಾರೆ. ಮಂಗಳೂರಿನವರು "ಸೌಖ್ಯವಿಲ್ಲ" ಎನ್ನುತ್ತಾರೆ. ಮೊದಲ ಎರಡೂ ಪಾರಸಿ ಮೂಲದವು; ಆರಾಮ ಎಂದರೆ ನೆಮ್ಮದಿ, ಹುಷಾರು ಎಂದರೆ ಎಚ್ಚರ. ಮೂರನೆಯದು ಸಂಸ್ಕೃತ. ಮೂರೂ ಇಂದು ನಮ್ಮವೇ ಆಗಿವೆ. "ಜಡ್ಡು" ಎಂದರೆ ಧಾರವಾಡದ ಕಡೆ ಕಾಯಿಲೆ. ಮೈಸೂರಿನ ಕಡೆ ಕೈಕಾಲಿನ ಚರ್ಮ ಗಟ್ಟಿಯಾಗುವುದು. ಒಬ್ಬರು "ಜಡ್ಡಾಗಿದೆ" ಎಂದರೆ ಇನ್ನೊಬ್ಬರು ಅಂಗೈ ನೋಡಿಯಾರು!

ಇನ್ನು ಚಿಕಿತ್ಸೆ ಮಾಡುವವರ ಹೆಸರನ್ನು ನೋಡೋಣ. ವೈದ್ಯ ಎಂಬುದು "ವಿದ್" ಎಂಬ ಧಾತುವಿನಿಂದ ಬಂದದ್ದು, ತಿಳಿದವನು ಎಂದರ್ಥ. ಹಳಗನ್ನಡದಲ್ಲಿ ಅದೇ "ಬೆಜ್ಜ" ಆಯಿತು. ಡಾಕ್ಟರ್ ಎಂಬುದು ಕಲಿಸು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಒಬ್ಬನು ತಿಳಿದವನು, ಇನ್ನೊಬ್ಬನು ತಿಳಿಸುವವನು. ಎರಡೂ ಗುಣ ಒಬ್ಬರಲ್ಲೇ ಇದ್ದರೆ ರೋಗಿಯ ಪುಣ್ಯ. ಆಸ್ಪತ್ರೆ ಎಂಬುದು ಹಾಸ್ಪಿಟಲ್ ಎಂಬುದರ ಕನ್ನಡ ರೂಪ; ಮರಾಠಿಯವರ "ಇಸ್ಪಿತಳ" ಪೋರ್ಚುಗೀಸರ ಮೂಲಕ ಬಂದ ಅದರ ಸೋದರಿ. ಅದರ ಲ್ಯಾಟಿನ್ ಮೂಲಕ್ಕೆ ಅತಿಥಿ ಎಂಬ ಅರ್ಥವಿದೆ. ಉತ್ತರ ಕರ್ನಾಟಕದ "ದವಾಖಾನೆ"ಯಲ್ಲಿ ದವಾ ಅರಬ್ಬಿ, ಖಾನೆ ಪಾರಸಿ. ಮದ್ದಿನ ಮನೆ ಎಂದರ್ಥ.

ಮದ್ದು ಮಾತ್ರ ನಮ್ಮ ದ್ರಾವಿಡ ಮನೆಯದೇ. ತಮಿಳಿನ ಮರುಂದು, ತೆಲುಗಿನ ಮಂದು, ತುಳುವಿನ ಮರ್ದ್ ಇವೆಲ್ಲ ಒಂದೇ ತಾಯಿಯ ಮಕ್ಕಳು. ಆದರೆ ತೋಪಿಗೆ ತುಂಬುವುದೂ ಮದ್ದೇ. ಊಟದಲ್ಲಿ ಗುಟ್ಟಾಗಿ ವಿಷವಿಕ್ಕಿದರೆ "ಮದ್ದು ಹಾಕಿದರು" ಎನ್ನುವುದೂ ಉಂಟು. ಫಾರ್ಮಸಿ ಎಂಬ ಮಾತಿನ ಗ್ರೀಕ್ ಮೂಲಕ್ಕೂ ಔಷಧ, ವಿಷ ಎಂಬ ಎರಡು ಅರ್ಥಗಳಿದ್ದವು. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆಯನ್ನು ನಾವೂ ನುಂಗುವ ಮುಂಚೆ ಈ ಎರಡನೆಯ ಅರ್ಥವನ್ನು ನೆನೆಯುವುದು ಒಳ್ಳೆಯದು.

ಕೆಲವು ಹೆಸರುಗಳು ತಪ್ಪು ತಿಳಿವಳಿಕೆಯಿಂದ ಹುಟ್ಟಿ ಹಾಗೆಯೇ ಉಳಿದಿವೆ. ಮಲೇರಿಯಾ ಎಂದರೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗು ನೆಲದ ಗಾಳಿಯಿಂದ ಈ ಜ್ವರ ಬರುತ್ತದೆಂದು ಜನ ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಇದರ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಗಾಳಿಯ ತಪ್ಪಿಲ್ಲವೆಂದು ಸಿದ್ಧವಾದರೂ ಹೆಸರು ಹೋಗಲಿಲ್ಲ. ನಮ್ಮ ಹಳ್ಳಿಯವರು ಕಾರಣದ ಗೋಜಿಗೆ ಹೋಗದೆ, ಕಂಡದ್ದನ್ನು ಕಂಡಂತೆ "ಚಳಿಜ್ವರ" ಎಂದರು. ಆ ಮಾತು ಅಂದೂ ಸರಿ, ಇಂದೂ ಸರಿ. ವ್ಯಾಕ್ಸಿನ್ ಎಂಬ ಮಾತಿನಲ್ಲಿ ಲ್ಯಾಟಿನ್ನಿನ ಹಸು ಇದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವನ್ನು ಹುಡುಗನೊಬ್ಬನಿಗೆ ಚುಚ್ಚಿ ಮನುಷ್ಯರ ಸಿಡುಬನ್ನು ತಡೆದದ್ದರ ನೆನಪು ಅದು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಆದರೆ 2021ರಲ್ಲಿ ಕೊರೊನಾಕ್ಕಾಗಿ ನಾವೆಲ್ಲ ಸಾಲಿನಲ್ಲಿ ನಿಂತಾಗಲೂ ಆ ಹಸು ಹೆಸರಿನಲ್ಲಿ ನಮ್ಮ ಜೊತೆಗಿತ್ತು.

ನಮ್ಮ ತರುಣರು "ಶುಗರ್ ಬಂದಿದೆ" ಎನ್ನುವಾಗ ಹಿರಿಯರು "ಸಕ್ಕರೆ ಕಾಯಿಲೆ ಎನ್ನಬಾರದೇ?" ಎಂದು ಮುನಿಯುತ್ತಾರೆ. ಜಗಳ ಬೇಡ. ಸಂಸ್ಕೃತದ ಶರ್ಕರಾ ಎಂದರೆ ಮೊದಲಿಗೆ ಮರಳಿನ ಹರಳು. ಅದು ಪ್ರಾಕೃತದ ದಾರಿಯಲ್ಲಿ ಬಂದು ನಮ್ಮಲ್ಲಿ ಸಕ್ಕರೆಯಾಯಿತು. ಪಾರಸಿ, ಅರಬ್ಬಿ ನಾಡುಗಳನ್ನು ಸುತ್ತಿ ಯೂರೋಪಿಗೆ ಹೋಗಿ ಶುಗರ್ ಆಯಿತು. ಊರು ಬಿಟ್ಟು ಹೋಗಿ ವೇಷ ಬದಲಿಸಿ ಮರಳಿದ ನೆಂಟನನ್ನು ಹೊರಗೆ ನಿಲ್ಲಿಸುವುದುಂಟೇ? ಮಧುಮೇಹದಲ್ಲಿ ಮಧು ಎಂದರೆ ಜೇನು, ಮೇಹ ಎಂದರೆ ಮೂತ್ರ. ಇಂಗ್ಲಿಷಿನ ಡಯಾಬಿಟೀಸ್ ಮೆಲಿಟಸ್ ಎಂಬ ಜೋಡಿ ಹೆಸರಿನ ಎರಡನೆಯ ಮಾತಿನಲ್ಲಿಯೂ ಇರುವುದು ಜೇನೇ. ಹಾಗೆಯೇ ಪಥ್ಯ. ಅದು ಪಥ, ಅಂದರೆ ದಾರಿ, ಎಂಬುದರಿಂದ ಬಂದದ್ದು. ದಾರಿಗೆ ತಕ್ಕದ್ದು ಎಂದರ್ಥ. ಡಯಟ್ ಎಂಬುದರ ಗ್ರೀಕ್ ಮೂಲಕ್ಕೆ ಬದುಕುವ ರೀತಿ ಎಂಬ ಅರ್ಥ. ನಾಲ್ಕು ದಿನ ಅನ್ನ ಬಿಟ್ಟು ಐದನೆಯ ದಿನ ಮದುವೆಮನೆಯಲ್ಲಿ ಹೋಳಿಗೆ ಹೊಡೆಯುವುದು ಎರಡು ಭಾಷೆಗಳಲ್ಲಿಯೂ ಪಥ್ಯವಲ್ಲ.

ಈಗ ಅಜ್ಜಿಯ ಎದೆಯ ಮಾತಿಗೆ ಬರೋಣ. ಹೃದಯಕ್ಕೆ ರಕ್ತ ಸಾಲದಾದಾಗ ಬರುವ ನೋವಿಗೆ ವೈದ್ಯರು ಆಂಜೈನಾ ಎನ್ನುತ್ತಾರೆ. 1772ರಲ್ಲಿ ಪ್ರಕಟವಾದ ಲೇಖನದಲ್ಲಿ ವಿಲಿಯಂ ಹೆಬರ್ಡನ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು ವಿವರಿಸಿ ಈ ಹೆಸರಿನಿಂದ ಕರೆದರು. ಆ ಲ್ಯಾಟಿನ್ ಮಾತಿನ ಮೂಲದಲ್ಲಿರುವುದು ಹಿಸುಕುವುದು, ಉಸಿರುಕಟ್ಟಿಸುವುದು ಎಂಬ ಅರ್ಥ. ನಮ್ಮ ಅಜ್ಜಿ "ಎದೆ ಹಿಡಿದ ಹಾಗಿದೆ, ಹಿಸುಕಿದ ಹಾಗಿದೆ" ಎಂದಾಗ, ಲ್ಯಾಟಿನ್ನಿನ ಗಂಧವಿಲ್ಲದಿದ್ದರೂ ವೈದ್ಯರ ಮಾತನ್ನೇ ಆಡಿರುತ್ತಾಳೆ! ನಡುವೆ ನಿಂತ ದುಭಾಷಿ ಅದನ್ನು "ಗ್ಯಾಸ್" ಮಾಡಿದರೆ ಆ ಮಾತು ದಾರಿಯಲ್ಲೇ ಕಳೆದುಹೋಗುತ್ತದೆ. ಎದೆಯುರಿ ಬೇರೆ, ಎದೆ ಹಿಡಿತ ಬೇರೆ. ಹಿಡಿತವು ಎಡತೋಳಿಗೋ ದವಡೆಗೋ ಹಬ್ಬಿದರೆ, ಬೆವರು ಸುರಿದರೆ, ಉಸಿರು ಕಟ್ಟಿದರೆ, ಪದಗಳನ್ನು ತೂಗುತ್ತ ಕುಳಿತಿರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವೇ ಇಲ್ಲದೆ ಬರಿಯ ಏದುಸಿರು, ಸುಸ್ತುಗಳಾಗಿಯೂ ಇದು ತೋರಬಹುದು.

ನೋವನ್ನು ಬಿಡಿಸಿ ಹೇಳುವುದರಲ್ಲಿ ನಮ್ಮ ಭಾಷೆ ಬಡವಲ್ಲ. ಉರಿ, ಸೆಳೆತ, ಸಿಡಿತ, ಹಿಡಿತ, ಉಳುಕು, ಜೋಮು, ತಲೆಸುತ್ತು, ಕಣ್ಣುಕತ್ತಲೆ, ಹೊಟ್ಟೆ ನುಲಿತ, ಸಂಕಟ, ತಳಮಳ — ಇವುಗಳಲ್ಲಿ ಒಂದು ಇನ್ನೊಂದಲ್ಲ. ಶಾಸ್ತ್ರಕ್ಕೂ ಕನ್ನಡ ಹೊಸದಲ್ಲ. ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು 'ಗೋವೈದ್ಯ'ವನ್ನು ಬರೆದನು. 14ನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಬರೆದನು. ಕಳೆದ ಶತಮಾನದಲ್ಲಿ ಡಾಕ್ಟರ್ ಅನುಪಮಾ ನಿರಂಜನ ಅವರು 'ತಾಯಿ ಮಗು' ಎಂಬ ಪುಸ್ತಕದಿಂದ ಮನೆಮನೆಯ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿಯೇ ತಿಳಿವಳಿಕೆ ಕೊಟ್ಟರು. ಭಂಡಾರದಲ್ಲಿ ಹಣವಿದೆ; ನಮ್ಮ ಮಕ್ಕಳ ಕೈಗೆ ಬೀಗದ ಕೈ ಮಾತ್ರ ಸಿಕ್ಕಿಲ್ಲ.

ಆದುದರಿಂದ ನಮ್ಮದೊಂದು ಚಿಕ್ಕ ವಿಜ್ಞಾಪನೆ. ಪ್ರತಿಯೊಂದು ಮನೆಯಲ್ಲಿಯೂ ಎರಡು ಕಾಣೆ ಪೈಸೆಯ ಖರ್ಚೂ ಇಲ್ಲದೆ ಒಂದು ಹಳೆಯ ನೋಟುಬುಕ್ಕನ್ನು ಇದಕ್ಕಾಗಿ ಎತ್ತಿಡೋಣ. ಹಿರಿಯರು ಮೈಯ ನೋವು ನಲಿವಿಗೆ ಆಡುವ ಮಾತುಗಳನ್ನು ಮಕ್ಕಳೇ ಕೇಳಿ ಬರೆಯಲಿ. ಎದುರಿಗೆ ಇಂಗ್ಲಿಷು, ಮರಾಠಿಗಳಲ್ಲಿ ಅರ್ಥ ಬರೆಯಲಿ. ಎಲ್ಲಿ, ಯಾವಾಗಿನಿಂದ, ಹೇಗೆ ನೋಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವುದನ್ನು ಕಲಿಯಲಿ. ನಮ್ಮ ಸಂಘದಲ್ಲಿರುವ ವೈದ್ಯ ಮಿತ್ರರು ವರ್ಷಕ್ಕೊಮ್ಮೆ ಕುಳಿತು ಈ ಪುಸ್ತಕಗಳನ್ನು ತಿದ್ದಿಕೊಟ್ಟರೆ ಇನ್ನೂ ಲೇಸು.

ನವೆಂಬರ್ ಒಂದರಂದು ಧ್ವಜ ಹಾರಿಸಿ ಕನ್ನಡ ಉಳಿಯಲಿ ಎಂದು ಹರಸುತ್ತೇವೆ; ಅದು ಬೇಕಾದದ್ದೇ. ಪರಸ್ಥಳದಲ್ಲಿ ಕಾಯಿಲೆ ಬಿದ್ದ ಮುದುಕಿಯೊಬ್ಬಳು ತನ್ನ ಮಾತಿನಲ್ಲಿ ನರಳಿದಾಗ ಅದನ್ನು ಅರ್ಥ ಮಾಡಿಕೊಳ್ಳುವ ಕೂಸೊಂದು ಪಕ್ಕದಲ್ಲಿದ್ದರೆ, ಕನ್ನಡ ಆ ಮನೆಯಲ್ಲಿ ಉಳಿದಿದೆ ಎಂದು ನಾವು ಧೈರ್ಯವಾಗಿ ಹೇಳಬಹುದು.