ಮಾತಿನ ಪಂದ್ಯದಲ್ಲಿ ನಮ್ಮ ಪಾಲು



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮಗೆ ಮಾತಿನ ಪಂದ್ಯ ಹೊಸದಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದೊಡನೆ ಅರ್ಥಧಾರಿ ಅಲ್ಲೇ ಮಾತು ಕಟ್ಟಿ ಎದುರಾಳಿಗೆ ಉತ್ತರ ಕೊಡಬೇಕು. 1962ರಿಂದ 1968ರವರೆಗೆ ಮೈಸೂರು ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತು ಎಲ್ಲರಿಗೂ ಮಾತಿನ ಸರದಿ ಹಂಚಿದ ವೈಕುಂಠ ಬಾಳಿಗರು ಬೆಳ್ತಂಗಡಿಯಿಂದಲೇ ಆರಿಸಿ ಹೋದವರು.

ಈಗ ಭಾಷಣ ಕಲಿಸುವ ಕ್ಲಬ್ಬುಗಳಿವೆ. 1924ರಲ್ಲಿ ಅಮೆರಿಕದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟದ ಕ್ರಮ ನೋಡಿ. ಸಿದ್ಧ ಭಾಷಣಕ್ಕೆ 5ರಿಂದ 7 ನಿಮಿಷ. ಆಗಲೇ ಕೊಟ್ಟ ವಿಷಯಕ್ಕೆ 1ರಿಂದ 2. ಹಸಿರು, ಹಳದಿ, ಕೆಂಪು ಗುರುತು ತೋರಿಸುತ್ತಾರೆ. ಸ್ಪರ್ಧೆಯಲ್ಲಿ ಅವಧಿಯ ಮೇಲೆ 30 ಸೆಕೆಂಡು ಮೀರಿದರೆ ಎಂಥ ವಾಗ್ಮಿಯೂ ಹೊರಗೆ! ಕ್ಲಬ್ಬಿನಲ್ಲಿ ಗೆದ್ದವರು ಪ್ರಾದೇಶಿಕ ಕೂಟಕ್ಕೆ, ಅಲ್ಲಿಂದ ಮುಂದಕ್ಕೆ. ವಾರದ ಕೂಟದಲ್ಲಿ ಪ್ರತಿ ಭಾಷಣದ ಗುಣದೋಷವನ್ನು ಒಬ್ಬರು ಎದ್ದು ಹೇಳುತ್ತಾರೆ. ಆ ಕೆಂಪು ಗುರುತು ನಮ್ಮ ಸಭೆಗಳಿಗೂ ಬೇಕು.

ಆದರೆ ಗೆದ್ದವರ ಬಹುಮಾನಕ್ಕಿಂತ ದೊಡ್ಡ ಪ್ರಶ್ನೆಯಿದೆ. ಬ್ರಾಂಚಿನಲ್ಲಿ ಕಟ್ಟಿದ ಬೀಡಿಯನ್ನು ತಿರಸ್ಕರಿಸಿದಾಗ ನಮ್ಮ ಅಕ್ಕತಂಗಿಯರು ಸುಮ್ಮನೆ ಹಿಂದಿರುಗುವುದೇಕೆ? ಸಣ್ಣ ಅಂಗಡಿಯವನು ತೆರಿಗೆ ಕಚೇರಿಯಲ್ಲಿ ತಡವರಿಸುವುದೇಕೆ? ನ್ಯಾಯವಿಲ್ಲದೆ ಅಲ್ಲ, ಎದ್ದು ನಿಂತು ಎರಡು ನಿಮಿಷದಲ್ಲಿ ಅದನ್ನು ಹೇಳುವ ರೂಢಿಯಿಲ್ಲದೆ.

ಈ ರೂಢಿಗೆ ದೊಡ್ಡ ಖರ್ಚಿಲ್ಲ. ಸಂಘದ ಕೋಣೆ, ವಾರಕ್ಕೊಂದು ಸಂಜೆ, ಒಂದು ಗಡಿಯಾರ, ಮೂರು ಬಣ್ಣದ ಕಾಗದ. ಕನ್ನಡ, ತುಳು, ಬ್ಯಾರಿ, ಕೊಂಕಣಿ—ಮನೆಯ ಮಾತೇ ಸಾಕು. ಮೊದಲ ಸರದಿ, ಇದುವರೆಗೆ ಸಭೆಯಲ್ಲಿ ಬಾಯಿ ತೆರೆಯದವರಿಗೆ ಕೊಡೋಣ.